ಯುವಜನರು ಮತ್ತು ಗಾಂಜಾ: ಸಂತ ಜಾನ್ ಬೋಸ್ಕೊರವರ ಹಬ್ಬದ ಚಿಂತನೆ



ಜನವರಿ 31ರಂದು ನಾವು ಯುವಜನರ ತಂದೆ ಸಂತ ಜಾನ್ ಬೋಸ್ಕೊರವರ ಹಬ್ಬವನ್ನು ಆಚರಿಸುತ್ತೇವೆ. ಟ್ಯೂರಿನ್ ನಗರದ ಸೆರೆಮನೆಯಲ್ಲಿ ಹುಡುಗರನ್ನು ಕಂಡ ಈ ಯುವ ಗುರುಗಳು, ಹೊರಗೆ ಇವರಿಗೊಬ್ಬ ಆಪ್ತನಿದ್ದಿದ್ದರೆ ಇವರು ಇಲ್ಲಿಗೆ ಬರುತ್ತಿರಲಿಲ್ಲವೇನೋ ಎಂದು ಮರುಗಿದರು. ಕೆಟ್ಟ ಮೇಲೆ ದಂಡಿಸುವುದಕ್ಕಿಂತ ಕೆಡದಂತೆ ಕಾಯುವುದು ಮೇಲು ಎಂಬುದೇ ಅವರ ಶಿಕ್ಷಣ ಪದ್ಧತಿಯ ತಿರುಳು. ಗಾಂಜಾದ ವಿಷಯದಲ್ಲಿ ಈ ಮಾತು ಇಂದಿಗೂ ನಿಜ.

"ಬರೀ ಸೊಪ್ಪು ತಾನೇ, ಹೆಂಡದಷ್ಟು ಕೆಟ್ಟದ್ದೇನಲ್ಲ" ಎನ್ನುವವರು ನಮ್ಮ ನಡುವೆಯೂ ಇದ್ದಾರೆ. ನ್ಯೂಜಿಲೆಂಡಿನ ಡುನೆಡಿನ್ ನಗರದಲ್ಲಿ 1972-73ರಲ್ಲಿ ಹುಟ್ಟಿದ 1,037 ಮಂದಿಯನ್ನು ಸಂಶೋಧಕರು ದಶಕಗಳಿಂದ ಪರೀಕ್ಷಿಸುತ್ತಾ ಬಂದಿದ್ದಾರೆ. ಅವರ 2012ರ ವರದಿಯಂತೆ, ಹದಿಹರೆಯದಲ್ಲೇ ಗಾಂಜಾ ಆರಂಭಿಸಿ ಬಹುಕಾಲ ಮುಂದುವರಿಸಿದವರ ಬುದ್ಧಿಮಟ್ಟ, ಅಂದರೆ ಐಕ್ಯೂ, 38ನೇ ವಯಸ್ಸಿಗೆ ಸುಮಾರು 8 ಅಂಕ ಕುಸಿದಿತ್ತು. ಬಿಟ್ಟ ಮೇಲೂ ಅದು ಪೂರ್ತಿಯಾಗಿ ಮರಳಲಿಲ್ಲ. ದೊಡ್ಡವರಾದ ಮೇಲೆ ಆರಂಭಿಸಿದವರಲ್ಲಿ ಇಂತಹ ಕುಸಿತ ಕಾಣಲಿಲ್ಲ. ಹದಿಹರೆಯದಲ್ಲಿ ಮೆದುಳು ಇನ್ನೂ ಬೆಳೆಯುತ್ತಿರುತ್ತದೆ. ಎಳೆಯ ಸಸಿಗೆ ಬಿದ್ದ ಪೆಟ್ಟಿನಂತೆ ಆಗ ತಗಲಿದ ಹಾನಿ ಉಳಿದುಬಿಡಬಹುದು.

ಅದೇ ಜನರ ಬಗ್ಗೆ 2016ರಲ್ಲಿ ಬಂದ ಇನ್ನೊಂದು ವರದಿ ಬದುಕಿನ ಪಾಡನ್ನು ತಿಳಿಸಿತು. ವರ್ಷಗಟ್ಟಲೆ ನಿತ್ಯ ಸೇವಿಸಿದವರಲ್ಲಿ ಅನೇಕರು ತಂದೆತಾಯಿಗಿಂತ ಕೆಳಮಟ್ಟದ ಕೆಲಸಕ್ಕೆ ಇಳಿದಿದ್ದರು. ಹಣದ ತಾಪತ್ರಯ, ಸಂಸಾರದ ಕಲಹ ಅವರಲ್ಲಿ ಹೆಚ್ಚಿತ್ತು. ಸ್ವೀಡನ್ ದೇಶದ ಸೇನೆಗೆ ಸೇರಿದ ಯುವಕರ ಕುರಿತ 1987ರ ಅಧ್ಯಯನದಲ್ಲಿ, ಹೆಚ್ಚು ಗಾಂಜಾ ಸೇವಿಸಿದವರಲ್ಲಿ ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಹೆಚ್ಚಾಗಿ ಕಂಡಿತ್ತು.

ಎಲ್ಲಾ ಸಂಶೋಧಕರ ಅಭಿಪ್ರಾಯ ಒಂದೇ ಅಲ್ಲ. ಅವಳಿ ಮಕ್ಕಳ ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬುದ್ಧಿಮಟ್ಟದ ಇಳಿಕೆಗೆ ಗಾಂಜಾಕ್ಕಿಂತ ಮನೆತನದ ಪರಿಸ್ಥಿತಿಯೇ ಕಾರಣವಿರಬಹುದು ಎಂದಿತು. ಹಾಗಿದ್ದರೂ ನಮ್ಮ ಹೊಣೆ ಕಡಿಮೆಯಾಗುವುದಿಲ್ಲ. ಅದು ನೇರವಾಗಿ ನಮ್ಮ ಮನೆಬಾಗಿಲಿಗೇ ಬರುತ್ತದೆ.

ದೇಹವು ಪವಿತ್ರಾತ್ಮರ ದೇಗುಲವೆಂದು ಸಂತ ಪೌಲರು ಕಲಿಸುತ್ತಾರೆ. ಮಾದಕ ವಸ್ತುಗಳ ಸೇವನೆ ಗಂಭೀರ ಅಪರಾಧವೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2291ನೇ ಪರಿಚ್ಛೇದ ಎಚ್ಚರಿಸುತ್ತದೆ. ಆದರೆ ಚಟಕ್ಕೆ ಬಿದ್ದ ಮಗನನ್ನು ಮರ್ಯಾದೆಗೆ ಅಂಜಿ ಬಚ್ಚಿಡುವುದಾಗಲಿ, ಮನೆಯಿಂದ ಹೊರದೂಡುವುದಾಗಲಿ ಸುವಾರ್ತೆಯ ದಾರಿಯಲ್ಲ. ದುಂದುಗಾರ ಮಗನನ್ನು ದೂರದಿಂದಲೇ ಕಂಡು ಓಡಿಬಂದ ತಂದೆಯನ್ನು ನೆನೆಯೋಣ. ತಡಮಾಡದೆ ಬೆಂಗಳೂರಿನ ನಿಮ್ಹಾನ್ಸ್‌ನಂತಹ ಆಸ್ಪತ್ರೆಗೆ ಜೊತೆಯಾಗಿ ಹೋಗೋಣ. ಇನ್ನೂ ಎಡವದ ಮಕ್ಕಳೊಡನೆ ಇಂದು ರಾತ್ರಿಯ ಊಟಕ್ಕೆ ಒಟ್ಟಿಗೆ ಕುಳಿತು ಮಾತನಾಡೋಣ. ಅವರಿಗೆ ಬೇಕಾದ ಆಪ್ತರು ನಾವೇ ಆಗೋಣ.

ಸಂತ ಜಾನ್ ಬೋಸ್ಕೊರವರೇ, ನಮ್ಮ ಮಕ್ಕಳಿಗಾಗಿ ಪ್ರಾರ್ಥಿಸಿರಿ.