ಔಷಧದ ಹಣದ ಮೂಲ

ದೇಹದಲ್ಲಿ ಏಡ್ಸ್ ವೈರಾಣು ನೆಲೆಸಿದವರು ಜೀವನಪರ್ಯಂತ ದಿನವೂ ಗುಳಿಗೆ ಸೇವಿಸಬೇಕು. ನಡುವೆ ನಿಂತರೆ ಅಡಗಿದ್ದ ವೈರಾಣು ಮತ್ತೆ ತಲೆಯೆತ್ತುತ್ತದೆ. ಔಷಧಕ್ಕೆ ಜಗ್ಗದ ತಳಿಯೂ ಹುಟ್ಟಬಹುದು. ಆದುದರಿಂದ ಗುಳಿಗೆಯ ಗುಣದಷ್ಟೇ ಅದನ್ನು ಕೊಳ್ಳುವ ಹಣದ ಮೂಲವನ್ನೂ ವೈದ್ಯರಾದ ನಾವು ವಿಚಾರಿಸಬೇಕಾಗುತ್ತದೆ.

ಆಫ್ರಿಕಾದ ಜಿಂಬಾಬ್ವೆ ಈ ವಿಚಾರವನ್ನು ಬಹು ಮೊದಲೇ ಮಾಡಿತು. 1999ರಲ್ಲಿ ಕಾನೂನು ರಚಿಸಿ, ಆದಾಯ ತೆರಿಗೆಯ ಮೇಲೆ ಶೇ. 3ರಷ್ಟು ಏಡ್ಸ್ ಕರ ವಿಧಿಸಿತು. ಸಂಬಳದ ಮೇಲಲ್ಲ, ತೆರಿಗೆಯ ಮೇಲೆ. ನೂರು ಕಟ್ಟುವವನು ನೂರಮೂರು ಕಟ್ಟುತ್ತಾನೆ, ಅಷ್ಟೆ. ಕಂಪನಿಗಳಿಗೂ ಈ ಕರವುಂಟು. ಬಡ ದೇಶವೊಂದು ತನ್ನ ರೋಗಿಗಳ ಹೊರೆಗೆ ತಾನೇ ಹೆಗಲು ಕೊಟ್ಟದ್ದು ನಮಗಂತೂ ಮೆಚ್ಚುಗೆಯ ಸಂಗತಿ.

ತೊಡಕುಗಳು ಇಲ್ಲದಿಲ್ಲ. 2008ರ ಭೀಕರ ಹಣದುಬ್ಬರದಲ್ಲಿ ಸಂಗ್ರಹವಾದ ನಿಧಿಯೂ ಬೆಲೆ ಕಳೆದುಕೊಂಡಿತು. ಮರುವರ್ಷ ಡಾಲರ್ ಚಲಾವಣೆಗೆ ಬಂದ ಬಳಿಕವೇ ಅದು ಚೇತರಿಸಿಕೊಂಡಿತು. ಬೀದಿಬದಿಯ ವ್ಯಾಪಾರವನ್ನೇ ಬಹುಜನರು ನಂಬಿರುವಲ್ಲಿ ಆದಾಯ ತೆರಿಗೆ ಕಟ್ಟುವವರಾದರೂ ಎಷ್ಟು ಮಂದಿ? ವೆಚ್ಚದ ದೊಡ್ಡ ಪಾಲು ಹೊರದೇಶಗಳ ನೆರವಿನಿಂದಲೇ ಬರುತ್ತಿತ್ತು. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ದಿಢೀರನೆ ತಡೆಹಿಡಿದಾಗ ಅಲ್ಲಿನ ಹಲವು ಸೇವೆಗಳು ಅಸ್ತವ್ಯಸ್ತಗೊಂಡವು. ಕರದ ನಿಧಿಯಲ್ಲಿ ಅರ್ಧದಷ್ಟು ಔಷಧ ಖರೀದಿಗೇ ಮೀಸಲು. ಆ ಗುಳಿಗೆಗಳಿಗೆ ಮಾತ್ರ ವಾಷಿಂಗ್ಟನ್ನಿನ ಅಪ್ಪಣೆ ಬೇಕಿರಲಿಲ್ಲ.