ಇಲ್ಲಿನ ಹಕ್ಕಿಗೆ ಕನ್ನಡದಲ್ಲಿ ಏನಂತಾರೆ?

"ನೀವೆಲ್ಲಾ ಪುಣ್ಯವಂತರು ಬಿಡಿ, ಸುತ್ತಮುತ್ತ ಅಷ್ಟೊಂದು ಹಸಿರು. ಕವನ ತಾನಾಗೇ ಬಂದುಬಿಡುತ್ತೆ" ಅಂತ ಊರಿನ ಸ್ನೇಹಿತರು ಫೋನಿನಲ್ಲಿ ಆಗಾಗ ಹೇಳ್ತಿರ್ತಾರೆ. ಇಂಗ್ಲೆಂಡು ಅಂದ್ರೆ ವರ್ಡ್ಸ್‌ವರ್ತ್, ಡ್ಯಾಫೊಡಿಲ್ ಹೂವು, ಮಂಜು... ಇಷ್ಟೆಲ್ಲಾ ಇದ್ದ ಮೇಲೆ ಸ್ಫೂರ್ತಿಗೇನು ಕೊರತೆ ಅನ್ನೋದು ಅವರ ಲೆಕ್ಕ.

ಆದರೆ ಇಲ್ಲಿ ನಾವು ಹೊರತರೋ ಯುಗಾದಿ ಸಂಚಿಕೆಗಳನ್ನ ತೆರೆದು ನೋಡಿ. ಮಾವಿನ ಚಿಗುರು, ಕೋಗಿಲೆ, ಬೇವಿನ ಹೂವು, ಮಲ್ಲಿಗೆಯ ಘಮ! ಬರೆದವರ ಕಿಟಕಿಯಾಚೆ ಇರೋದು ಇನ್ನೂ ಎಲೆ ಬಿಡದ ಕಪ್ಪು ಕೊಂಬೆಗಳು, ಆ ಕೊಂಬೆಗಳ ತುಂಬಾ ಬ್ಲ್ಯಾಕ್‌ಥಾರ್ನ್‌ನ ಪುಟ್ಟ ಬಿಳಿ ಹೂವು, ಸಂಜೆ ಮನೆಯ ಚಿಮಣಿ ಮೇಲೆ ಕೂತು ಹಾಡೋ ಬ್ಲ್ಯಾಕ್‌ಬರ್ಡ್. ಇವಕ್ಕೆ ಮಾತ್ರ ಕವನದೊಳಗೆ ಪ್ರವೇಶವಿಲ್ಲ. ಬೆಂಗಳೂರಿನ ಶಾಲೆಗಳಲ್ಲಿ ಮಕ್ಕಳು ಕಣ್ಣಲ್ಲಿ ನೋಡದ ಡ್ಯಾಫೊಡಿಲ್ ಬಗ್ಗೆ ಬಾಯಿಪಾಠ ಮಾಡ್ತಾರೆ. ಇಲ್ಲಿ ನಾವು ಎದುರಿಗಿಲ್ಲದ ಮಲ್ಲಿಗೆ ಬಗ್ಗೆ ಬರೀತೀವಿ. ತಮಾಷೆ ಅಲ್ವಾ?

ಹಾಗಂತ ನೆನಪಿನಿಂದ ಬರೆಯೋದು ತಪ್ಪೇನಲ್ಲ. ವರ್ಡ್ಸ್‌ವರ್ತ್ ಬರೆದದ್ದೂ ನೆನಪಿನಿಂದಲೇ. 1802ರ ಏಪ್ರಿಲ್ 15ರಂದು ಅವನೂ ತಂಗಿ ಡೊರೊತಿಯೂ ಅಲ್ಸ್‌ವಾಟರ್ ಸರೋವರದ ದಂಡೆಯಲ್ಲಿ ನಡೆದು ಬರುವಾಗ ಆ ಹೂಗಳನ್ನ ಕಂಡರು. ಕವಿತೆ ಹುಟ್ಟಿದ್ದು ಎರಡು ವರ್ಷ ಬಿಟ್ಟು, ಅಚ್ಚಾದದ್ದು 1807ರಲ್ಲಿ. ನಡುವೆ ಆ ಹೂಗಳನ್ನ ಬಾಡದಂತೆ ಇಟ್ಟಿದ್ದು ಯಾವುದು? ಡೊರೊತಿಯ ದಿನಚರಿ. ಅವತ್ತಿನ ಗಾಳಿ ಎಷ್ಟು ಜೋರಾಗಿತ್ತು, ಮೊದಲು ನಾಲ್ಕಾರು ಹೂವು ಕಂಡು ಆಮೇಲೆ ದಂಡೆಯುದ್ದಕ್ಕೂ ರಸ್ತೆಯಷ್ಟು ಅಗಲದ ಪಟ್ಟಿಯಾಗಿ ಹೇಗೆ ಹಬ್ಬಿದ್ದವು, ದಣಿದಂತೆ ಕಲ್ಲಿನ ಮೇಲೆ ತಲೆಯಿಟ್ಟ ಹೂವು ಯಾವುವು, ಗಾಳಿ ಜೊತೆ ಕುಣಿದವು ಯಾವುವು ಅಂತ ಆಕೆ ಬರೆದಿಟ್ಟಿದ್ದಳು. ಕವಿತೆಯಲ್ಲಿ ಕವಿ ಒಬ್ಬಂಟಿ, ತಂಗಿಯ ಸುಳಿವೇ ಇಲ್ಲ! ಅಂದಹಾಗೆ ಅದರ ಅತ್ಯುತ್ತಮ ಎರಡು ಸಾಲು ಹೆಂಡತಿ ಮೇರಿ ಕೊಟ್ಟದ್ದು ಅಂತ ಕವಿಯೇ ಮುಂದೆ ಒಪ್ಪಿಕೊಂಡಿದ್ದಾನೆ.

ಅಂದ್ರೆ ಸ್ಫೂರ್ತಿ ಅಂತ ನಾವು ಯಾವುದಕ್ಕೆ ಹೇಳ್ತೀವೋ ಅದರ ಕೆಳಗೆ ಒಬ್ಬರು ನಿಂತು, ನೋಡಿ, ಬರೆದಿಟ್ಟುಕೊಂಡ ಕೆಲಸ ಇದೆ. ಇದು ನನಗೆ ಇನ್ನೂ ಚೆನ್ನಾಗಿ ಮನದಟ್ಟಾದದ್ದು ಜಾನ್ ಕ್ಲೇರ್ ಅನ್ನೋ ಕವಿಯಿಂದ. ನಾನಿರೋದು ಪೀಟರ್‌ಬರೋದಲ್ಲಿ. ಇಲ್ಲಿಂದ ಕಾರಿನಲ್ಲಿ ಹದಿನೈದಿಪ್ಪತ್ತು ನಿಮಿಷ ಹೋದರೆ ಅವನ ಹೆಲ್ಪ್‌ಸ್ಟನ್ ಹಳ್ಳಿ. ಅವನು ಹುಟ್ಟಿದ ಮನೆ ಈಗ ಮ್ಯೂಸಿಯಂ.

ಕ್ಲೇರ್ ಹುಟ್ಟಿದ್ದು 1793ರಲ್ಲಿ, ಕೂಲಿಕಾರರ ಮನೆಯಲ್ಲಿ. ಅವನದೂ ಗದ್ದೆ ಕೆಲಸವೇ. ಸಾಲು ಹೊಳೆದರೆ ಬೇಲಿ ಮರೆಯಲ್ಲಿ ಕುಕ್ಕರಿಸಿ, ಟೋಪಿಯನ್ನೇ ಮೇಜು ಮಾಡಿಕೊಂಡು ಗೀಚ್ತಿದ್ದನಂತೆ. 1820ರಲ್ಲಿ ಮೊದಲ ಪುಸ್ತಕ ಬಂದಾಗ ಲಂಡನ್ನೇ ಬೆರಗಾಯ್ತು. ಹಕ್ಕಿಗೂಡುಗಳ ಮೇಲೇ ಅವನು ಒಂದು ಸರಣಿ ಬರೆದಿದ್ದಾನೆ. ಯೆಲ್ಲೋಹ್ಯಾಮರ್ ಅಂತ ಒಂದು ಹಳದಿ ಹಕ್ಕಿ. ಅದರ ಮೊಟ್ಟೆ ಮೇಲೆ ಶಾಯಿಯಲ್ಲಿ ಗೀಚಿದಂಥ ಗೆರೆಗಳಿರುತ್ತವೆ. ಕ್ಲೇರ್ ಅದನ್ನ ನೋಡಿ, ಇದು ಪ್ರಕೃತಿಯೇ ಬರೆದ ಬರಹ ಅಂದ. ಗೂಡಿನ ಹತ್ತಿರ ಮಂಡಿಯೂರಿ ನೋಡದವನಿಗೆ ಆ ಉಪಮೆ ಹೊಳೆಯೋದುಂಟೇ?

ಕೀಟ್ಸ್ ಮತ್ತು ಕ್ಲೇರ್ ಇಬ್ಬರಿಗೂ ಪ್ರಕಾಶಕ ಒಬ್ಬನೇ, ಜಾನ್ ಟೇಲರ್. ಆದರೆ ಭೇಟಿಯಾಗಲೇ ಇಲ್ಲ. ಕೀಟ್ಸ್ ಪ್ರಕೃತಿಯನ್ನ ತನ್ನ ಕಲ್ಪನೆಗೆ ಕಂಡ ಹಾಗೆ ಬರೀತಾನೆ, ಕಣ್ಣಾರೆ ಕಂಡಿದ್ದರೆ ಬೇರೆ ರೀತಿ ಬರೀತಿದ್ದ ಅನ್ನೋದು ಕ್ಲೇರನ ತಕರಾರು. ಕೀಟ್ಸನ ನೈಟಿಂಗೇಲ್ ಕವಿತೆ ಓದಿದವರು ಇದನ್ನ ಪೂರ್ತಿ ಒಪ್ಪಲಾರರು, ನಾನೂ ಒಪ್ಪೋದಿಲ್ಲ. ಆದರೆ ಕೀಟ್ಸನಂಥ ಕಲ್ಪನೆ ಎಷ್ಟು ಜನಕ್ಕೆ ಇರುತ್ತೆ ಹೇಳಿ? ನಮ್ಮಂಥವರಿಗೆ ಕ್ಲೇರನ ದಾರಿಯೇ ಕ್ಷೇಮ.

ಇನ್ನು ಕ್ಲೇರನ ಬದುಕಿನಲ್ಲಿ ನಮಗೆ, ಅಂದ್ರೆ ಊರು ಬಿಟ್ಟು ಬಂದವರಿಗೆ, ಚುರುಕ್ ಅನ್ನಿಸೋ ಭಾಗ. 1832ರಲ್ಲಿ ಹಿತೈಷಿಗಳು ಅವನಿಗೆ ನಾರ್ತ್‌ಬರೋ ಅನ್ನೋ ಊರಿನಲ್ಲಿ ಮನೆ ಮಾಡಿಕೊಟ್ಟರು. ಮೊದಲಿನದಕ್ಕಿಂತ ದೊಡ್ಡ ಮನೆ, ಜೊತೆಗೆ ಒಂದಿಷ್ಟು ಜಮೀನು. ದೂರ? ಬರೀ ಮೂರು ಮೈಲಿ ಚಿಲ್ಲರೆ! ಅಷ್ಟಕ್ಕೇ ಅವನು ಕಂಗೆಟ್ಟ. ಅಲ್ಲಿ ಸೂರ್ಯ ಕೂಡ ಗುರುತಿನವನಂತೆ ಕಾಣ್ತಿಲ್ಲ ಅನ್ನೋ ಅರ್ಥದಲ್ಲಿ ಕವನ ಬರೆದ. 1837ರಲ್ಲಿ ಮಾನಸಿಕ ಆಸ್ಪತ್ರೆ ಸೇರಿದ. 1841ರಲ್ಲಿ ಎಸೆಕ್ಸ್‌ನ ಆ ಆಸ್ಪತ್ರೆಯಿಂದ ತಪ್ಪಿಸಿಕೊಂಡು, ಹಸಿವಾದಾಗ ದಾರಿಬದಿಯ ಹುಲ್ಲು ತಿಂದು, ನಾಲ್ಕು ದಿನ ನಡೆದು ಮನೆ ತಲುಪಿದ. ಅದೇ ವರ್ಷದ ಕೊನೆಗೆ ಮತ್ತೆ ಆಸ್ಪತ್ರೆ. 1864ರಲ್ಲಿ ಸತ್ತದ್ದೂ ಅಲ್ಲೇ. ಅವನ ಕಾಯಿಲೆಗೆ ಊರು ಬಿಟ್ಟದ್ದೊಂದೇ ಕಾರಣ ಅಂತ ನಾನು ಹೇಳ್ತಿಲ್ಲ. ಆದರೆ ಒಳ್ಳೇ ಮನೆ ಸಿಕ್ಕಿಯೂ ಪರದೇಶಿ ಅನ್ನಿಸೋದು ಏನು ಅಂತ ಮೂರು ಮೈಲಿಯಲ್ಲಿ ಅವನಿಗೆ ಗೊತ್ತಾಯ್ತು. ನಾವಂತೂ ಸಮುದ್ರಗಳನ್ನೇ ದಾಟಿ ಬಂದವರು.

ಇಲ್ಲೇ ಇದೆ ನೋಡಿ ಅಸಲಿ ತೊಡಕು. ಕ್ಲೇರ್ ತನ್ನ ಹಳ್ಳಿಯ ಮಾತಿನಲ್ಲೇ ಬರೆದವನು. ಬಸವನಹುಳುವಿನ ಚಿಪ್ಪಿಗೆ ಅವನು 'ಪೂಟಿ' ಅಂತಾನೆ, ನೀರು ನಿಂತ ಗುಂಡಿಗೆ 'ಪಜ್' ಅಂತಾನೆ. ಅವನ ಹತ್ತಿರ ಪದ ಇತ್ತು, ಕಾಲ ಕೆಳಗಿನ ನೆಲ ಹೋಯ್ತು. ನಮಗೆ ಈಗ ನೆಲ ಸಿಕ್ಕಿದೆ, ಅದಕ್ಕೆ ಕನ್ನಡದ ಪದ ಇಲ್ಲ. ಇಲ್ಲಿನ ಕುಕ್ಕೂ ಹಕ್ಕಿಯನ್ನೇ ತಗೊಳ್ಳಿ. ಅನುವಾದ ಮಾಡುವಾಗ ಸಲೀಸಾಗಿ ಅದನ್ನ 'ಕೋಗಿಲೆ' ಮಾಡಿಬಿಡ್ತೀವಿ. ಎರಡೂ ಪರರ ಗೂಡಿನಲ್ಲಿ ಮೊಟ್ಟೆ ಇಡೋ ಜಾತಿಯವೇ, ನಿಜ. ಆದರೆ ನಮ್ಮ ಕೋಗಿಲೆ ಕಾಗೆ ಗೂಡಿಗೆ ನುಗ್ಗುತ್ತೆ, ಇದು ತನಗಿಂತ ಎಷ್ಟೋ ಚಿಕ್ಕ ಹಕ್ಕಿಗಳ ಗೂಡಿಗೆ. ನಮ್ಮ ಗಂಡು ಕೋಗಿಲೆ ಮಿರಿಮಿರಿ ಕಪ್ಪು, ಇದು ಬೂದು. ಅದರ ದನಿ ಏರ್ತಾ ಏರ್ತಾ ಹೋಗುತ್ತೆ, ಇದರದು ಎರಡೇ ಸ್ವರ. ಮೇಲಾಗಿ ಇದು ಚಳಿಗಾಲವನ್ನ ಆಫ್ರಿಕಾದಲ್ಲಿ ಕಳೆದು ಏಪ್ರಿಲ್‌ನಲ್ಲಿ ಬರೋ ವಲಸೆಗಾರ. 'ಕೋಗಿಲೆ' ಅಂತ ಬರೆದ ತಕ್ಷಣ ಈ ವಲಸೆಗಾರ ಹಾರಿಹೋಗಿ, ಮಾವಿನ ಮರದ ಕೋಗಿಲೆ ಬಂದು ಕೂತುಬಿಡುತ್ತೆ.

ಹಾಗಾದ್ರೆ ಏನು ಮಾಡೋದು? ನಮ್ಮ ಹಿರಿಯರು ದಾರಿ ತೋರಿಸಿ ಆಗಿದೆ. ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಕಾಲದಲ್ಲಿ ನಮ್ಮಲ್ಲಿಗೆ ಬಂದದ್ದು. ಇಲ್ಲಿದ್ದ ಮೆಣಸಿನ ಹೆಸರನ್ನೇ ಅದಕ್ಕೆ ಹಚ್ಚಿ ಸಾರಿಗೆ ಹಾಕಿದರು. ಹೊರಗಿನಿಂದ ಬಂದದ್ದಕ್ಕೆ ಸೀಮೆಬದನೆ, ಸೀಮೆಹುಣಸೆ, ಪರಂಗಿ ಹಣ್ಣು ಅಂತ ನಾಮಕರಣ ಮಾಡಿದರು. ಬೆಂಗಳೂರಿನ ಬೀದಿಗೆ ಕೆಂಪು ಹಾಸೋ ಗುಲ್‌ಮೊಹರ್ ಹುಟ್ಟಾ ಮಡಗಾಸ್ಕರಿನದು. ಯಾರಾದ್ರೂ ಅದನ್ನ ಪರದೇಶದ್ದು ಅಂತಾರಾ? ಜೊತೆಯಲ್ಲಿ ಬದುಕಿದ್ದಕ್ಕೆಲ್ಲಾ ಕನ್ನಡ ಹೆಸರು ಕೊಟ್ಟಿದೆ. ಆದರೆ ಮೊದಲು ಜೊತೆಯಲ್ಲಿ ಬದುಕಬೇಕು.

ಕುವೆಂಪು ವಿಷಯವೂ ನೆನಪಾಗುತ್ತೆ. ಮಲೆನಾಡಿನ ಹುಡುಗ ಮೊದಲು ಬರೆದದ್ದು ಇಂಗ್ಲಿಷಿನಲ್ಲಿ. 1922ರಲ್ಲಿ ಇಂಗ್ಲಿಷ್ ಕವನಗಳ ಒಂದು ಪುಸ್ತಿಕೆಯೂ ಬಂದಿತ್ತು. 1924ರಲ್ಲಿ ಮೈಸೂರಿಗೆ ಬಂದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವನ್ನ ನೋಡಿ, ನಿಮ್ಮ ಭಾಷೆಯಲ್ಲಿ ಬರೀರಿ ಅಂದರು. ಆಮೇಲೆ ಕಾಜಾಣ, ಪಿಕಳಾರ ಎಲ್ಲಾ ಕನ್ನಡ ಕಾವ್ಯದೊಳಗೆ ಹಾರಿಬಂದವು. ಅವರಿಗೆ ಕಾಡು ಮನೆ ಹಿಂದೇ ಇತ್ತು, ಭಾಷೆಯ ಕಡೆ ತಿರುಗಬೇಕಿತ್ತು. ನಮ್ಮದು ಉಲ್ಟಾ. ಭಾಷೆ ಮನೆಯಲ್ಲೇ ಇದೆ, ಕಿಟಕಿಯ ಕಡೆ ತಿರುಗಬೇಕು.

ನನ್ನ ಮಟ್ಟಿಗೆ ಒಂದು ಅಭ್ಯಾಸ ಇಟ್ಟುಕೊಂಡಿದ್ದೀನಿ. ವಾರಕ್ಕೆರಡು ಸಲ ನೀನ್ ನದಿಯ ದಂಡೆಯಲ್ಲಿ ನಡೆಯೋದು, ಬಂದು ನಾಲ್ಕೇ ಸಾಲು ಕನ್ನಡದಲ್ಲಿ ಬರೆಯೋದು. ಕವನ ಅಲ್ಲ, ಬರೀ ಕಂಡದ್ದು. ಫೆಬ್ರವರಿಯಲ್ಲಿ ಹೇಜಲ್ ಗಿಡದಿಂದ ಹಳದಿ ಗೊಂಚಲು ಲೋಲಾಕಿನ ಹಾಗೆ ಜೋತುಬಿದ್ದದ್ದು, ಮೇ ತಿಂಗಳಲ್ಲಿ ಸ್ವಿಫ್ಟ್ ಹಕ್ಕಿಗಳು ಕಿರುಚುತ್ತಾ ಮಾಡಿನ ಮೇಲೆ ಸುತ್ತಿದ್ದು. 'ಸುಂದರ', 'ರಮಣೀಯ' ಅನ್ನೋ ಪದಗಳಿಗೆ ಈ ಪುಸ್ತಕದಲ್ಲಿ ನಿಷೇಧ! ಹೆಸರು ಗೊತ್ತಿಲ್ಲದಿದ್ದರೆ ನಾನೇ ಒಂದು ಇಡ್ತೀನಿ. ಬ್ಲ್ಯಾಕ್‌ಬರ್ಡ್ ನನ್ನ ಪುಸ್ತಕದಲ್ಲಿ 'ಹೊನ್ನಕೊಕ್ಕ'. ಗಂಡುಹಕ್ಕಿಯ ಮೈಯೆಲ್ಲಾ ಕಪ್ಪು, ಕೊಕ್ಕು ಮಾತ್ರ ಅರಿಶಿನ. ಪಂಡಿತರು ಒಪ್ತಾರೋ ಬಿಡ್ತಾರೋ, ನನ್ನ ಮಗಳಂತೂ ಒಪ್ಪಿದ್ದಾಳೆ. "ಅಮ್ಮಾ, ಹೊನ್ನಕೊಕ್ಕ ಬಂತು" ಅಂತಾಳೆ. ಪುಸ್ತಕದ ಕೆಲವು ಸಾಲು ಎಷ್ಟೋ ತಿಂಗಳ ಮೇಲೆ ಕವನ ಆಗಿವೆ, ಬಹಳಷ್ಟು ಹಾಗೇ ಉಳಿದಿವೆ. ಉಳಿದರೇನು, ಕನ್ನಡದಲ್ಲಿ ಉಳಿದಿವೆಯಲ್ಲ!

ದುಬೈನಲ್ಲಿರೋರು, ಸಿಡ್ನಿಯಲ್ಲಿರೋರು, ನೀವೂ ಒಮ್ಮೆ ಪ್ರಯತ್ನ ಮಾಡಿ. ಮುಂದಿನ ಯುಗಾದಿಗೆ ಬರೆಯೋಕೆ ಕೂರೋ ಮುಂಚೆ ಐದು ನಿಮಿಷ ಹೊರಗೆ ನೋಡಿ. ಅಲ್ಲಿ ಕೂತಿರೋ ಹಕ್ಕಿಗೆ ಕನ್ನಡದಲ್ಲಿ ಇನ್ನೂ ಹೆಸರಿಲ್ಲದಿರಬಹುದು. ಇಡೋ ಅವಕಾಶ ನಿಮ್ಮದು.