ಡೌನ್‌ಲೋಡ್ ಬಂದ ಮೇಲೆ ಟಿವಿ ನೋಡುವವರು ಕಡಿಮೆಯಾದರೇ?

ಒಂದು ಕಾಲದಲ್ಲಿ ಸಂಜೆಯ ಜಪಮಾಲೆಯ ಹೊತ್ತಿಗೆ ಟಿವಿ ಧಾರಾವಾಹಿ ಅಡ್ಡಿ ಎಂಬ ಮಾತು ನಮ್ಮ ವಾಳೆ ಸಭೆಗಳಲ್ಲಿ ಸಾಮಾನ್ಯವಾಗಿತ್ತು. ಇಂದು ಆ ದೂರು ಬೇರೆ ರೂಪ ತಾಳಿದೆ. ಟಿವಿ ಆಫ್ ಆಗಿದೆ, ಆದರೆ ಮನೆಯ ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಮೊಬೈಲ್ ಇದೆ. ಹಾಗಾದರೆ ಅಂತರ್ಜಾಲದಿಂದ ಇಳಿಸಿಕೊಳ್ಳುವ ವೀಡಿಯೋಗಳು ಟಿವಿ ವೀಕ್ಷಕರನ್ನು ಕಸಿದುಕೊಂಡಿವೆಯೇ? ಇದರಿಂದ ಕುಟುಂಬಕ್ಕೆ, ಧರ್ಮಕೇಂದ್ರಕ್ಕೆ ಏನಾಗಿದೆ? ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ಡೌನ್‌ಲೋಡ್ ಎಂದರೇನು?

ಅಂತರ್ಜಾಲದಲ್ಲಿ ವೀಡಿಯೋ ನೋಡುವುದಕ್ಕೆ ಎರಡು ದಾರಿಗಳಿವೆ. ಸಂಪರ್ಕ ಇರುವಾಗ ನೇರವಾಗಿ ನೋಡುವುದು ಒಂದು. ಮೊದಲೇ ಫೋನಿಗೆ ಇಳಿಸಿಟ್ಟುಕೊಂಡು ಬೇಕಾದಾಗ ನೋಡುವುದು ಇನ್ನೊಂದು. ಈ ಎರಡನೆಯದೇ ಡೌನ್‌ಲೋಡ್. ನೆಟ್‌ವರ್ಕ್ ಸರಿಯಾಗಿ ಸಿಗದ ಊರಿನಲ್ಲಿ, ಕರೆಂಟ್ ಹೋದಾಗ, ಬಸ್ಸು ರೈಲಿನ ಪ್ರಯಾಣದಲ್ಲಿ ಇದು ಬಹಳ ಉಪಯುಕ್ತ.

ಯೂಟ್ಯೂಬ್ 2005ರಲ್ಲಿ ಆರಂಭವಾಯಿತು. ಭಾರತದ ಬಳಕೆದಾರರಿಗೆ ವೀಡಿಯೋವನ್ನು ಫೋನಿನಲ್ಲಿ ಉಳಿಸಿಕೊಂಡು 48 ಗಂಟೆಗಳ ಒಳಗೆ ನೋಡುವ ಅವಕಾಶವನ್ನು ಅದು 2014ರ ಡಿಸೆಂಬರ್‌ನಲ್ಲಿ ನೀಡಿತು. ಆದರೆ ಆಗ ಇಂಟರ್ನೆಟ್ ದುಬಾರಿಯಾಗಿತ್ತು. 2016ರ ಸೆಪ್ಟೆಂಬರ್ 5ರಂದು ಜಿಯೋ ಸೇವೆ ಆರಂಭವಾಗಿ, 2017ರ ಮಾರ್ಚ್ ಕೊನೆಯವರೆಗೆ ಉಚಿತ ಡೇಟಾ ಸಿಕ್ಕಿದ ಮೇಲೆ ಪರಿಸ್ಥಿತಿ ಪೂರ್ತಿ ಬದಲಾಯಿತು. ಬೇರೆ ಕಂಪನಿಗಳೂ ದರ ಇಳಿಸಿದವು.

ರಾಯಚೂರಿನ ಹಳ್ಳಿಗೂ ಕರಾವಳಿಗೂ ಏನು ಸಂಬಂಧ?

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲೂಕುಗಳ ಸೀಮೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ವಳಕಮದಿನ್ನಿ ಈ ಸೀಮೆಯ ಒಂದು ಹಳ್ಳಿ. ಕೆಥೋಲಿಕರ ಹಳೆಯ ನೆಲೆಯಾದ ಮುದಗಲ್ ಕೂಡ ಇದೇ ಲಿಂಗಸುಗೂರು ತಾಲೂಕಿನಲ್ಲಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಗುವ ಕಡೆ ಭತ್ತ ಬೆಳೆಯುತ್ತಾರೆ. ನೀರು ತಲುಪದ ಒಣಭೂಮಿಯ ಜನ ಸುಗ್ಗಿ ಮುಗಿದ ಮೇಲೆ ಗುಳೆ ಹೋಗುತ್ತಾರೆ. ಹಾಗೆ ಹೊರಟವರಲ್ಲಿ ಹಲವರು ಬೆಂಗಳೂರಿಗೆ ಹೋದರೆ, ಇನ್ನು ಹಲವರು ಮಂಗಳೂರು, ಉಡುಪಿಯ ಕಟ್ಟಡ ಕೆಲಸಕ್ಕೆ ಬರುತ್ತಾರೆ. ನಮ್ಮ ಚರ್ಚಿನ ಸುತ್ತಮುತ್ತ ಶೆಡ್ಡುಗಳಲ್ಲಿ ವಾಸಿಸುವ ಉತ್ತರ ಕರ್ನಾಟಕದ ಕಾರ್ಮಿಕರು ಇವರೇ.

ಶೆಡ್ಡಿನಲ್ಲಿ ಬಾಳುವವರು ಟಿವಿಯನ್ನು ಹೊತ್ತು ತಿರುಗಲಾರರು. ಫೋನ್ ಮಾತ್ರ ಜೊತೆಗಿರುತ್ತದೆ. ಹಿಂದೆ ಪೇಟೆಯ ಮೊಬೈಲ್ ಅಂಗಡಿಯವರು ಸ್ವಲ್ಪ ಹಣ ಪಡೆದು ಮೆಮೊರಿ ಕಾರ್ಡಿಗೆ ಜಾನಪದ ಹಾಡು, ನಾಟಕ, ಸಿನಿಮಾ ತುಂಬಿಸಿ ಕೊಡುತ್ತಿದ್ದರು. ಈಗ ಸ್ವತಃ ಅವರೇ ಇಳಿಸಿಕೊಳ್ಳುತ್ತಾರೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ಡೌನ್‌ಲೋಡ್ ಟಿವಿಯಿಂದ ಯಾರನ್ನೂ ಕಸಿದುಕೊಂಡಿಲ್ಲ. ಟಿವಿಯೇ ಇಲ್ಲದ ಜಾಗಕ್ಕೆ ಅದು ಬಂದಿದೆ.

ಊರಿನಲ್ಲಿರುವ ಮನೆಗಳ ಮಾತು ಬೇರೆ. ಡಿಡಿ ಫ್ರೀ ಡಿಶ್ ಹಾಕಿಸಿದವರಿಗೆ ತಿಂಗಳ ಬಾಡಿಗೆ ಇಲ್ಲ, ಡಿಡಿ ಚಂದನ ಸಿಗುತ್ತದೆ. ಆದರೆ ಜನಪ್ರಿಯ ಕನ್ನಡ ಧಾರಾವಾಹಿಗಳು ಬರುವುದು ಹಣ ಕೊಡಬೇಕಾದ ವಾಹಿನಿಗಳಲ್ಲಿ. 2019ರಲ್ಲಿ ಹೊಸ ದರ ವ್ಯವಸ್ಥೆ ಬಂದ ಮೇಲೆ ವಾಹಿನಿಗಳನ್ನು ಆರಿಸಿ ಹಣ ಕಟ್ಟುವ ಕ್ರಮ ಶುರುವಾಯಿತು. ಹೇಗೂ ಫೋನಿಗೆ ರೀಚಾರ್ಜ್ ಮಾಡಲೇಬೇಕು, ಮತ್ತೆ ಟಿವಿಗೂ ಯಾಕೆ ಎಂದು ಯೋಚಿಸುವ ಮನೆಯಲ್ಲಿ ಮಾತ್ರ ಟಿವಿಗೆ ನಿಜವಾದ ನಷ್ಟ.

ಲೆಕ್ಕ ಹೇಗೆ ಹಾಕುತ್ತಾರೆ?

ಟಿವಿ ವೀಕ್ಷಕರ ಸಂಖ್ಯೆ ಎಂದರೆ ಎಲ್ಲ ಮನೆಗಳ ಎಣಿಕೆ ಅಲ್ಲ. 2015ರಿಂದ ಬಾರ್ಕ್ ಸಂಸ್ಥೆ ದೇಶದ ಆಯ್ದ ಮನೆಗಳಲ್ಲಿ ಮೀಟರ್ ಇಟ್ಟು ಅಂದಾಜು ಮಾಡುತ್ತಿದೆ. ಇಂಥ ಮನೆಗಳ ಸಂಖ್ಯೆ ಐವತ್ತು ಸಾವಿರಕ್ಕಿಂತ ಸ್ವಲ್ಪ ಹೆಚ್ಚು. ವಾಹಿನಿಯ ಧ್ವನಿಯಲ್ಲಿ ಕಿವಿಗೆ ಕೇಳಿಸದ ಒಂದು ಗುರುತು ಸೇರಿರುತ್ತದೆ, ಅದನ್ನು ಮೀಟರ್ ಹಿಡಿಯುತ್ತದೆ. ಮನೆಯವರು ತಮ್ಮ ತಮ್ಮ ಗುಂಡಿ ಒತ್ತಿ ಯಾರು ನೋಡುತ್ತಿದ್ದಾರೆ ಎಂದು ತಿಳಿಸಬೇಕು.

ಅದೇ ಧಾರಾವಾಹಿಯನ್ನು ಮಗಳು ಮರುದಿನ ಬಸ್ಸಿನಲ್ಲಿ ಫೋನಿನಲ್ಲಿ ನೋಡಿದರೆ ಈ ಮೀಟರಿಗೆ ಗೊತ್ತಾಗುವುದಿಲ್ಲ. ಧಾರಾವಾಹಿಗೆ ವೀಕ್ಷಕಿ ಉಳಿದಳು, ಟಿವಿಗೆ ಇಲ್ಲವಾದಳು. ಜಾಹೀರಾತಿನ ಬೆಲೆ ನಿಲ್ಲುವುದು ಈ ಲೆಕ್ಕದ ಮೇಲೆ. ಆದುದರಿಂದಲೇ ವಾಹಿನಿಗಳು ತಮ್ಮದೇ ಆ್ಯಪ್‌ಗಳನ್ನು ತಂದವು. 2015ರಲ್ಲಿ ಹಾಟ್‌ಸ್ಟಾರ್, 2018ರಲ್ಲಿ ಜೀ5 ಬಂದವು. 2025ರ ಫೆಬ್ರವರಿಯಲ್ಲಿ ಜಿಯೋ ಸಿನಿಮಾ ಮತ್ತು ಹಾಟ್‌ಸ್ಟಾರ್ ಒಂದಾಗಿ ಜಿಯೋಹಾಟ್‌ಸ್ಟಾರ್ ಆಯಿತು.

ಡೌನ್‌ಲೋಡ್ ಟಿವಿಗೆ ನೆರವಾದದ್ದೂ ಉಂಟು. ಅಮೆರಿಕದಲ್ಲಿ ಆಪಲ್ ಸಂಸ್ಥೆ 2005ರ ಅಕ್ಟೋಬರ್‌ನಲ್ಲಿ ಟಿವಿ ಕಂತುಗಳನ್ನು ತಲಾ 1.99 ಡಾಲರಿಗೆ ಮಾರತೊಡಗಿತು. ಆಗ ವೀಕ್ಷಕರು ಕಡಿಮೆಯಿದ್ದ 'ದಿ ಆಫೀಸ್' ಎಂಬ ಹಾಸ್ಯ ಧಾರಾವಾಹಿ ಈ ಮಾರಾಟದಿಂದ ಯುವಜನರಿಗೆ ಪರಿಚಯವಾಗಿ ಮುಂದೆ ಬಹಳ ವರ್ಷ ನಡೆಯಿತು. ಎಲ್ಲರೂ ಒಟ್ಟಿಗೆ ಅದೇ ಕ್ಷಣದಲ್ಲಿ ನೋಡಬೇಕೆನಿಸುವ ಕ್ರಿಕೆಟ್, ಚುನಾವಣಾ ಫಲಿತಾಂಶ ಮೊದಲಾದವು ಡೌನ್‌ಲೋಡ್‌ಗೆ ಸುಲಭವಾಗಿ ಸೋಲುವುದಿಲ್ಲ. 2020ರ ಲಾಕ್‌ಡೌನ್‌ನಲ್ಲಿ ದೂರದರ್ಶನ 'ರಾಮಾಯಣ'ವನ್ನು ಮರುಪ್ರಸಾರ ಮಾಡಿದಾಗ ಜನ ಮತ್ತೆ ಟಿವಿ ಮುಂದೆ ಕುಳಿತರು. ಮನೆಮಂದಿ ಎಲ್ಲರೂ ಒಟ್ಟಿಗಿದ್ದರು ಎಂಬುದೂ ಅದಕ್ಕೆ ಒಂದು ಕಾರಣ.

ಕದ್ದ ಸರಕಿನ ಪ್ರಶ್ನೆ

ಅಧಿಕೃತ ಆ್ಯಪ್‌ನಲ್ಲಿ ಇಳಿಸಿಕೊಳ್ಳುವುದು ತಪ್ಪಲ್ಲ. ಹೊಸ ಸಿನಿಮಾದ ಕಳ್ಳಪ್ರತಿಯನ್ನು ಹಂಚುವುದು ಅಪರಾಧ. ಕೃತಿಸ್ವಾಮ್ಯ ಕಾಯ್ದೆಯ ಜೊತೆಗೆ, 2023ರ ಸಿನಿಮಾಟೋಗ್ರಾಫ್ ತಿದ್ದುಪಡಿ ಕಾಯ್ದೆಯಲ್ಲಿ ಸಿನಿಮಾ ಕಳ್ಳಪ್ರತಿಗೆ 3 ತಿಂಗಳಿಂದ 3 ವರ್ಷಗಳವರೆಗೆ ಸೆರೆವಾಸ ಮತ್ತು ಕನಿಷ್ಠ 3 ಲಕ್ಷ ರೂಪಾಯಿ ದಂಡ ಇದೆ. ಸಂಭಾಷಣೆ ಬರೆಯುವವರು, ದೀಪ ಹಿಡಿಯುವವರು, ಪ್ರಸಾಧನ ಮಾಡುವವರು ಎಲ್ಲರೂ ಕೂಲಿಯಿಂದ ಬದುಕುವವರೇ. ಏಳನೆಯ ಆಜ್ಞೆ ಫೋನಿಗೂ ಅನ್ವಯಿಸುತ್ತದೆ ಎಂದು ಮಕ್ಕಳಿಗೆ ಕ್ರೈಸ್ತ ಶಿಕ್ಷಣದಲ್ಲಿ ಹೇಳಿಕೊಡಬೇಕು.

ನಿಜವಾಗಿ ಕಳೆದುಹೋದದ್ದು ಯಾವುದು?

ಟಿವಿ ಕಂಪನಿಯ ನಷ್ಟಕ್ಕಿಂತ ನಮ್ಮ ನಷ್ಟ ಬೇರೆ. ಟಿವಿ ಇದ್ದಾಗ ಅಜ್ಜಿ, ಸೊಸೆ, ಮಕ್ಕಳು ಒಂದೇ ಕೋಣೆಯಲ್ಲಿ ಕುಳಿತು ಒಂದೇ ಕತೆಯ ಬಗ್ಗೆ ಜಗಳವಾಡುತ್ತಿದ್ದರು. ಮಗು ಏನು ನೋಡುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಇಳಿಸಿಕೊಂಡ ವೀಡಿಯೋ ಚಾದರದೊಳಗೆ, ಇಯರ್‌ಫೋನ್ ಹಾಕಿಕೊಂಡು ನೋಡುವಂಥದ್ದು. ಅಲ್ಲಿ ಹಿರಿಯರ ಕಣ್ಣಿಲ್ಲ.

ಆದರೆ ಒಂದು ಲಾಭವೂ ಇದೆ. ಧಾರಾವಾಹಿಯ ಗಂಟೆ ಈಗ ನಮ್ಮನ್ನು ಕಟ್ಟಿಹಾಕುವುದಿಲ್ಲ. ಎಂಟು ಗಂಟೆಯ ಕಂತನ್ನು ಒಂಬತ್ತಕ್ಕೂ ನೋಡಬಹುದು. ಜಪಮಾಲೆಗೆ ಸಮಯವಿಲ್ಲ ಎಂಬ ಹಳೆಯ ನೆಪ ಇನ್ನು ನಿಲ್ಲುವುದಿಲ್ಲ.

ಪವಿತ್ರಸಭೆ ಈ ಸಾಧನಗಳನ್ನು ದೂರವಿಟ್ಟದ್ದಿಲ್ಲ. ಕಾಯಿಲೆಯಿಂದ ಮಲಗಿದ್ದಾಗ ಕೋಣೆಯಿಂದಲೇ ಬಲಿಪೂಜೆಯನ್ನು ಕಂಡರೆಂದು ಹೇಳಲಾಗುವ ಅಸಿಸಿಯ ಸಂತ ಕ್ಲಾರಾರನ್ನು 12ನೇ ಪಿಯುಸ್ ಜಗದ್ಗುರುಗಳು 1958ರಲ್ಲಿ ಟೆಲಿವಿಷನ್‌ನ ಪಾಲಕಿಯಾಗಿ ಘೋಷಿಸಿದರು. ವ್ಯಾಟಿಕನ್ 2009ರಲ್ಲಿ ತನ್ನ ಯೂಟ್ಯೂಬ್ ವಾಹಿನಿ ತೆರೆಯಿತು. ಆದರೆ 2020ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಕಾರ್ಡಿನಲ್ ರಾಬರ್ಟ್ ಸಾರಾ ಅವರ ಪತ್ರ, ಯಾವ ಪ್ರಸಾರವೂ ಚರ್ಚಿನಲ್ಲಿ ಖುದ್ದಾಗಿ ಭಾಗವಹಿಸುವುದಕ್ಕೆ ಸಮನಲ್ಲ ಎಂದು ಸ್ಪಷ್ಟಪಡಿಸಿತು. ರೋಗಿಗಳಿಗೆ ಪ್ರಸಾರ ಆಸರೆ. ಆರೋಗ್ಯವಂತರಿಗೆ ಅದು ವಿನಾಯಿತಿ ಅಲ್ಲ.

ನಾವು ಮಾಡಬಹುದಾದ್ದು

ಮನೆಯಲ್ಲಿ ವಾರಕ್ಕೆ ಒಂದು ದಿನವಾದರೂ ಇಳಿಸಿಕೊಂಡ ಒಳ್ಳೆಯ ಚಿತ್ರವನ್ನು ಟಿವಿಗೆ ಜೋಡಿಸಿ ಎಲ್ಲರೂ ಒಟ್ಟಿಗೆ ನೋಡೋಣ. ಊಟ ಮತ್ತು ಪ್ರಾರ್ಥನೆಯ ಹೊತ್ತಿನಲ್ಲಿ ಫೋನ್‌ಗಳನ್ನು ಒಂದು ಕಡೆ ಇಡೋಣ.

ಧರ್ಮಕೇಂದ್ರದ ಮಾಧ್ಯಮ ಆಯೋಗ ಮತ್ತು ಯುವ ಸಂಘಟನೆಗಳಿಗೆ ಇನ್ನೊಂದು ಕೆಲಸವಿದೆ. ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ 18ರಿಂದ 60 ವರ್ಷದೊಳಗಿನ, ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದವರು ಹೆಸರು ನೋಂದಾಯಿಸಬಹುದು. ವಳಕಮದಿನ್ನಿಯಂಥ ಹಳ್ಳಿಗಳಿಂದ ಬಂದವರಿಗೆ ಇದನ್ನು ಅವರ ಆಡುಮಾತಿನಲ್ಲಿ ತಿಳಿಸುವ ಎರಡು ನಿಮಿಷದ ಚಿಕ್ಕ ವೀಡಿಯೋ ಮಾಡಿ ಫೋನಿಂದ ಫೋನಿಗೆ ಕಳುಹಿಸಿದರೆ, ಟಿವಿ ತಲುಪದ ಶೆಡ್ಡಿಗೂ ಅದು ತಲುಪುತ್ತದೆ. ವೀಡಿಯೋ ಕಳುಹಿಸಿ ಸುಮ್ಮನಾಗದೆ, ನೋಂದಣಿಯ ಅರ್ಜಿ ತುಂಬಿಸಲು ಒಂದು ಭಾನುವಾರ ನಾವೇ ಅಲ್ಲಿಗೆ ಹೋಗೋಣ.